ಕಾರಿಗೆ ಎತ್ತು ಕಟ್ಟಿದ ವಿಜಯದಶಮಿ

ಯಾರ ಕಾರು ಹೊರಡದೆ ನಿಂತರೂ ನನಗೆ ನಗು ಬರುತ್ತದೆ. ಇದು ಒಳ್ಳೆಯ ಗುಣವಲ್ಲವೆಂದು ಗೊತ್ತು. ಮೊನ್ನೆ ಬೆಳಿಗ್ಗೆ ನಿಮ್ಮಪ್ಪ ಕೀಲಿ ತಿರುಗಿಸಿದಾಗ ಕಾರು ‘ಟಿಕ್’ ಎಂದಷ್ಟೇ ಹೇಳಿ ಸುಮ್ಮನಾಯಿತಲ್ಲ, ಆಗ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದ್ದನ್ನು ನೀವೆಲ್ಲ ನೋಡಿಬಿಟ್ಟಿರಿ. ಯಾಕಜ್ಜಿ ನಗ್ತೀಯ ಎಂದು ಹಿಂದೆಯೇ ಬಂದಿರಿ. ಎದುರು ಕೂರಿಸಿಕೊಂಡು ಹೇಳುವಷ್ಟು ಬಾಯಿ ನನಗಿಲ್ಲ. ನಾಲ್ಕು ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ. ಆ ನಾಲ್ಕು ಜನ ನನ್ನ ಮೊಮ್ಮಕ್ಕಳೇ ಆದರೂ ಅಷ್ಟೇ. ಅದಕ್ಕೇ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ನಾಲ್ಕನೇ ತರಗತಿಗೆ ನಿಂತ ವಿದ್ಯೆ ನನ್ನದು. ತಪ್ಪಿದ್ದರೆ ತಿದ್ದಿಕೊಂಡು ಓದಿ, ನನಗೆ ಮಾತ್ರ ತೋರಿಸಬೇಡಿ.

ನಿಂತುಹೋದ ಕಾರಿನ ಸುತ್ತ ಗಂಡಸರು ನಿಲ್ಲುವ ರೀತಿಯನ್ನು ಗಮನಿಸಿದ್ದೀರಾ? ಮುಚ್ಚಳ ಎತ್ತಿ, ಬಾವಿಗೆ ಬಿದ್ದ ಬಿಂದಿಗೆ ಹುಡುಕುವವರ ಹಾಗೆ ಬಗ್ಗಿ ನೋಡುತ್ತಾರೆ. ಒಬ್ಬರು ಬ್ಯಾಟರಿ ಎನ್ನುತ್ತಾರೆ, ಇನ್ನೊಬ್ಬರು ಪೆಟ್ರೋಲ್ ಎನ್ನುತ್ತಾರೆ, ಕಾರನ್ನೇ ಕಾಣದವರು ದೃಷ್ಟಿ ತಗುಲಿದೆ ಎನ್ನುತ್ತಾರೆ. ಮೂವರ ಮುಖವೂ ಒಂದೇ ಥರ ಗಂಭೀರವಾಗಿರುತ್ತದೆ. ಈ ಮುಖಗಳನ್ನು ನಾನು ಮೊದಲು ನೋಡಿದ್ದು ಮಹಾರಾಜರ ಕಾಲದಲ್ಲಿ, ಕುದೂರಿನ ನಮ್ಮ ಮನೆಯ ಮುಂದೆ.

ನಿಮ್ಮ ತಾತನಿಗೆ ಅಲ್ಲಿ ಎಣ್ಣೆ, ಬೆಲ್ಲ, ಕಾಳುಗಳ ಅಂಗಡಿ. ಅವರ ಅಣ್ಣ, ಅಂದರೆ ನನ್ನ ಭಾವನವರು, ಬೇಸಾಯ ನೋಡಿಕೊಳ್ಳುತ್ತಿದ್ದರು. ಎಲ್ಲರೂ ಒಂದೇ ಮನೆಯಲ್ಲಿದ್ದೆವು. ಭಾವನವರ ಜೀವವೆಲ್ಲ ಅವರ ಜೋಡಿ ಎತ್ತುಗಳ ಮೇಲೆ. ನಿಮ್ಮ ತಾತನ ಜೀವ, ಚನ್ನಪಟ್ಟಣದ ರೇಷ್ಮೆ ಸಾಹುಕಾರರೊಬ್ಬರು ಬೇಸತ್ತು ಮಾರಿದ್ದ ಒಂದು ಹಳೆಯ ಕಾರಿನ ಮೇಲೆ. ಅಣ್ಣತಮ್ಮಂದಿರ ನಡುವೆ ದಿನಾ ಇದೇ ಜಗಳ.

“ನನ್ ಕಾರಿಗೆ ಹುಲ್ಲು ಹಾಕಂಗಿಲ್ಲ, ನೀರು ಕುಡಿಸಂಗಿಲ್ಲ ಕಣಣ್ಣ,” ಎಂದು ತಾತ ಹೆಮ್ಮೆ ಪಟ್ಟರೆ, ಭಾವನವರು, “ಸಗಣೀನೂ ಹಾಕಾಕಿಲ್ಲ. ಅಂಥದ್ರಿಂದ ಏನ್ಲಾ ಉಪಯೋಗ?” ಎನ್ನುತ್ತಿದ್ದರು.

ನೀರಿನ ಮಾತು ಸುಳ್ಳು. ಕಾರಿನೊಳಗೆ ಬ್ಯಾಟರಿ ಎಂಬ ಕಪ್ಪು ಪೆಟ್ಟಿಗೆಯಿತ್ತು. ಅದಕ್ಕೆ ಆಗಾಗ ನೀರು ಬೇಕಾಗುತ್ತಿತ್ತು. ತಾತ ಒಮ್ಮೆ ನನಗೆ ಅದರ ಮರ್ಮವನ್ನೆಲ್ಲ ವಿವರಿಸಿದ್ದರು. ಕಾರು ಓಡಿದರೆ ಅದು ತುಂಬುತ್ತದೆ, ಕಾರು ನಿಂತಿರುವಾಗ ದೀಪ ಉರಿಸಿದರೆ ಬರಿದಾಗುತ್ತದೆ ಎಂದೆಲ್ಲ. ನಾನು ಭಕ್ತಿಯಿಂದ ತಲೆಯಾಡಿಸಿದೆ. ಆಗ ನನ್ನ ತಲೆಯಲ್ಲಿ ಉಳಿದದ್ದು ನೀರು ಹಾಕುವ ವಿಷಯ ಒಂದೇ.

ಇನ್ನು ನನ್ನ ಅತ್ತೆ. ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ಎದುರಿಗೆ ಬಂದವರು ಮಗನೋ ಕಂಬವೋ ತಿಳಿಯದು. ಬೆಂಗಳೂರಿನ ಆಸ್ಪತ್ರೆಯಲ್ಲಿ ಪೊರೆ ತೆಗೆಯುತ್ತಾರೆ ಎಂದು ಮಕ್ಕಳಿಬ್ಬರೂ ಎಷ್ಟೋ ಕಾಲದಿಂದ ಗೋಗರೆಯುತ್ತಿದ್ದರು. ಕಣ್ಣಿಗೆ ಕತ್ತಿ ಹಾಕಿಸಿಕೊಳ್ಳಲು ಅವರಿಗೆ ಭಯ. ಕೊನೆಗೊಂದು ದಿನ ಒಪ್ಪಿದರು, ಆದರೆ ಷರತ್ತಿನ ಮೇಲೆ. “ವಿಜಯದಶಮಿ ದಿವ್ಸ ಹೊರಡಾನ. ಅವತ್ತು ಗಳಿಗೆ ಕೇಳಂಗಿಲ್ಲ. ಹೊರಟ ವಾಹನ ಒಂದ್ಸತಿ ಮುಗ್ಗರಿಸ್ತು ಅನ್ನು, ನಾನು ಇಳ್ದು ಒಳೀಕೆ ಬತ್ತೀನಿ. ಆಮ್ಯಾಕೆ ನನ್ನ ಕೇಳ್ಬ್ಯಾಡಿ.” ಅವರು ಆಡಿದ ಮಾತಿಗೆ ತಪ್ಪುವವರಲ್ಲ. ಆ ದಿನ ತಪ್ಪಿದರೆ ಅವರ ಕಣ್ಣು ಹೋದಂತೆಯೇ ಎಂದು ಮನೆಯವರಿಗೆಲ್ಲ ಗೊತ್ತಿತ್ತು.

ಹಿಂದಿನ ದಿನ ಆಯುಧಪೂಜೆ. ನಮ್ಮ ಮನೆಯಲ್ಲಿ ಯಾವುದು ಆಯುಧ, ಯಾವುದು ಅಲ್ಲ ಎಂಬುದಕ್ಕೆ ಲೆಕ್ಕವೇ ಇರಲಿಲ್ಲ. ನೇಗಿಲು, ಕುಡುಗೋಲು, ಅಂಗಡಿಯ ತಕ್ಕಡಿ, ನನ್ನ ಒನಕೆ, ಈಳಿಗೆಮಣೆ, ಎಲ್ಲಕ್ಕೂ ವಿಭೂತಿ, ಹೂವು. ಸಂಜೆ ಕಾರಿಗೂ ಪೂಜೆಯಾಯಿತು. ಅಂದವಾಗಿ ಕಾಣಲೆಂದು ತಾತ ಅದರ ಮುಂದಿನ ಎರಡು ದೀಪಗಳನ್ನು ಹೊತ್ತಿಸಿದರು. ಮಣೆಯ ಮೇಲೆ ಕುಳಿತಿದ್ದ ಅತ್ತೆ ತಟ್ಟನೆ ತಲೆಯೆತ್ತಿದರು.

“ಶಿವ್ನೇ, ಏನ್ಲಾ ಅದು, ಎಲ್ಡು ಚಂದ್ರ? ನಂಗೆ ಕಾಣ್ತಾ ಐತೆ ಕಣ್ರೋ!”

ಹಣತೆಯ ಕುಡಿ ಕಾಣದ ಕಣ್ಣಿಗೆ ಆ ಬೆಳಕು ಕಂಡಿತ್ತು. ಅವರು ಮಣೆಯನ್ನು ಮುಂದಕ್ಕೆ ಎಳೆದುಕೊಂಡು, ಚಳಿಗೆ ಬೆಂಕಿ ಕಾಯಿಸುವವರಂತೆ ದೀಪದೆದುರು ಕುಳಿತರು. ತಾತ ಸ್ವಲ್ಪ ಹೊತ್ತಿನ ಮೇಲೆ ದೀಪದ ಗುಂಡಿಗೆ ಕೈಹಾಕಲು ಹೋದರೆ, “ಪೂಜೆ ದೀಪ ಕಣ್ಲಾ, ಮುಟ್ಬ್ಯಾಡ” ಎಂದರು. ಅದೂ ಸರಿಯೇ. ಪೂಜೆಗೆ ಹಚ್ಚಿದ ದೀಪವನ್ನು ನಾವು ಆರಿಸುವುದುಂಟೇ? ಆರಿಸು ಎಂಬ ಮಾತನ್ನೇ ಆಡುವುದಿಲ್ಲ. ಎಣ್ಣೆ ತೀರಿ ಅದು ತಾನಾಗಿ ಶಾಂತವಾಗಬೇಕು. ತಾತ ಒಮ್ಮೆ ಕಾರನ್ನು ನೋಡಿದರು, ಒಮ್ಮೆ ತಾಯಿಯ ಮುಖ ನೋಡಿದರು, ಕೈ ಹಿಂದಕ್ಕೆ ತೆಗೆದುಕೊಂಡರು. ಬರಬರುತ್ತ ಬೆಳಕು ಹಳದಿಯಾಯಿತು. “ಎಣ್ಣೆ ಕಮ್ಮಿ ಆಗೈತೆ, ಒಸಿ ಹುಯ್ಯವ್ವ” ಎಂದರು ಅತ್ತೆ. ನಾನು ಎಣ್ಣೆಗಿಂಡಿ ತಂದೇಬಿಟ್ಟೆ. ಎಲ್ಲಿ ಹುಯ್ಯುವುದೆಂದು ಗಾಜಿನ ಸುತ್ತ ಬೆರಳಾಡಿಸುತ್ತ ಬಹಳ ಹೊತ್ತು ಹುಡುಕಿದೆ. ನಿಮ್ಮ ಅಜ್ಜಿಯ ಬುದ್ಧಿ ಇಷ್ಟು.

ಬೆಳಿಗ್ಗೆ ತಾತ ಕಾರು ಹೊರಡಿಸಲು ಕಾಲ ಬಳಿಯ ಗುಂಡಿ ತುಳಿದರು. ಕಾರು ‘ಟಿಕ್’ ಎಂದಿತು. ಅದೃಷ್ಟಕ್ಕೆ ಅತ್ತೆ ಇನ್ನೂ ಒಳಗೆ ಲಿಂಗಪೂಜೆಯಲ್ಲಿದ್ದರು.

ಮುಂದಿನದನ್ನು ಮೊನ್ನೆ ನೀವೇ ನೋಡಿದ್ದೀರಿ. ಮುಚ್ಚಳ ಎತ್ತಿದರು, ಬಗ್ಗಿದರು, ಪೆಟ್ರೋಲ್ ಎಂದರು, ದೃಷ್ಟಿ ಎಂದರು. ಚಕ್ರದ ಕೆಳಗಿನ ನಿಂಬೆಹಣ್ಣು ಹುಳಿ ಸಾಲದೆಂದವರೂ ಇದ್ದರು. ತಾತ ಮುಂದಿನ ತೂತಿಗೆ ಕಬ್ಬಿಣದ ಹಿಡಿ ತೂರಿಸಿ ತಿರುಗಿಸಿದರು. ಅದು ಹಿಂದಕ್ಕೆ ಒದ್ದು ಅವರ ಮಣಿಕಟ್ಟು ಊದಿಕೊಂಡಿತು. ನಾನು ಬ್ಯಾಟರಿಗೆ ನನಗೆ ತಿಳಿದ ಏಕೈಕ ಚಿಕಿತ್ಸೆಯನ್ನು ನೆನೆದು ಒಂದು ಚೊಂಬು ನೀರು ತಂದು ಬಾಗಿಲ ಬಳಿ ನಿಂತೆ. ತಾತ ನನ್ನನ್ನು ನೋಡಿದ ನೋಟಕ್ಕೆ ಆ ನೀರನ್ನು ನಾನೇ ಕುಡಿದೆ.

“ಇಳಿಜಾರು ಸಿಕ್ಕಿದ್ರೆ ಎದ್ಕತದೆ ಕಣಣ್ಣ. ಒಸಿ ಜೀವ ಐತೆ,” ಎಂದರು ತಾತ ತಗ್ಗಿದ ದನಿಯಲ್ಲಿ. ಇಳಿಜಾರು ಇದ್ದದ್ದು ಕೆರೆ ಏರಿಯ ಆಚೆ. ಅಲ್ಲಿಯವರೆಗೆ ರಸ್ತೆಯೆಲ್ಲ ಏರು, ಮರಳು. ಮನುಷ್ಯರು ತಳ್ಳಿ ಮುಗಿಯುವಂಥದಲ್ಲ.

ಭಾವನವರು ಮೀಸೆಯಡಿಯಲ್ಲೇ ನಕ್ಕರು. “ಹುಲ್ಲು ತಿನ್ನೋವು ಬೇಕಾದ್ವೇನ್ಲಾ?”

“ಆಡ್ಕಬ್ಯಾಡ ಕಣಣ್ಣ. ಅವ್ವಂಗೆ ಗೊತ್ತಾದ್ರೆ ಇವತ್ತಿಗೆ ಮುಗೀತು.”

ಭಾವನವರ ನಗು ನಿಂತಿತು. ಹೋಗಿ ಎತ್ತು ಹೊಡೆದುಕೊಂಡು ಬಂದರು. ಕೊರಳ ಗೆಜ್ಜೆ ಬಿಚ್ಚಿದರು. ಕೊಂಬಿನ ಕಳಸ ಬಿಚ್ಚಿದರು. ನೊಗಕ್ಕೂ ಕಾರಿಗೂ ಮಿಣಿಹಗ್ಗ ಬಿಗಿದರು. ಅತ್ತೆಯನ್ನು ಕೈಹಿಡಿದು ತಂದು ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಪಕ್ಕದಲ್ಲಿ ನಾನು. ಆಗ ತಾತ ನನ್ನ ಕಿವಿಯಲ್ಲಿ ಅಪ್ಪಣೆ ಮಾಡಿದರು: “ಎತ್ತಿನ ಸದ್ದು ಕೇಳಬಾರ್ದು. ಗಟ್ಟಿಯಾಗಿ ಏನಾದ್ರೂ ಮಾತಾಡ್ತಿರು.”

ಮದುವೆಯಾಗಿ ಬಂದಾಗಿನಿಂದ ‘ಹೂಂ ಅತ್ತೆ’, ‘ಇಲ್ಲ ಅತ್ತೆ’ ಬಿಟ್ಟು ಮೂರನೆಯ ಮಾತಾಡದವಳು ನಾನು! ಕಾರು ಅಲುಗಿತು. ನಾನು ಬಾಯಿ ತೆರೆದೆ. ಬಿಸಿಲು ಜೋರು ಎಂದೆ. ರಾಗಿ ಪೈರು ಚೆನ್ನಾಗಿದೆ ಎಂದೆ. ನನ್ನಲ್ಲಿದ್ದ ಮಾತು ಅಲ್ಲಿಗೆ ಮುಗಿಯಿತು. ಏರಿ ಇನ್ನೂ ದೂರವಿತ್ತು, ಮುಂದೆ ಎತ್ತುಗಳು ಬುಸುಗುಡುತ್ತಿದ್ದವು. ದಿಕ್ಕು ತೋಚದೆ, ಬಾಯಿಪಾಠವಾಗಿದ್ದ ಒಂದೇ ಒಂದು ವಿದ್ಯೆಯನ್ನು ಹಿಡಿದುಕೊಂಡೆ. “ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು” ಎಂದು ಗಟ್ಟಿಯಾಗಿ ಮಗ್ಗಿ ಶುರುಮಾಡಿದೆ. ಅತ್ತೆ ಕೈಮುಗಿದುಕೊಂಡು, ಪುರಾಣ ಕೇಳುವವರಂತೆ ಕುಳಿತಿದ್ದರು. ಏರಿಯ ತುದಿಯಲ್ಲಿ ಭಾವನವರು ಮಿಣಿ ಬಿಚ್ಚಿ ಹಿಂದಿನಿಂದ ನೂಕಿದರು. ಕಾರು ಇಳಿಜಾರಿನಲ್ಲಿ ಉರುಳಿ, ಎರಡು ಸಲ ಕೆಮ್ಮಿ, ಗುರ್ ಎಂದು ಎದ್ದುಕೊಂಡಿತು. ನಾನು ಹದಿನಾಲ್ಕರ ಮಗ್ಗಿಯ ನಡುವೆ ಅಳುತ್ತಿದ್ದೆ.

ಮಾಗಡಿಯಲ್ಲಿ ಮರದ ನೆರಳಿಗೆ ನಿಲ್ಲಿಸಿದೆವು. ಎಂಜಿನ್ ಆರಿಸುವ ಧೈರ್ಯ ತಾತನಿಗಿರಲಿಲ್ಲ. ನೀರು ಕುಡಿದ ಅತ್ತೆ ಬಾಯಿ ಒರೆಸಿಕೊಂಡು ಹೇಳಿದರು:

“ನಿಮ್ಮಣ್ಣಂಗೆ ಹೇಳ್ಲಾ, ಎಡಗಡೆ ಎತ್ತಿನ ಲಾಳ ಸಡ್ಲ ಆಗೈತೆ. ಕಟ್ಟುಸ್ಲಿ.”

ನಾನೂ ತಾತನೂ ಒಬ್ಬರ ಮುಖ ಒಬ್ಬರು ನೋಡಿದೆವು.

“ನಂಗೆ ಕಣ್ಣು ಮಂಜು ಕಣ್ರೋ, ಕಿವಿ ಅಲ್ಲ.”

“ಮತ್ಯಾಕವ್ವ ಸುಮ್ಕೆ ಕುಂತಿದ್ದೆ?” ಎಂದರು ತಾತ. “ಮುಗ್ಗರಿಸಿದ್ರೆ ಇಳೀತೀನಿ ಅಂದಿದ್ದೆ.”

“ಮುಗ್ಗರಿಸಿದ್ದು ನಿನ್ ಕಾರು. ನನ್ನ ಹೊರಡಿಸಿದ್ದು ಬಸವಣ್ಣ. ವಿಜಯದಶಮಿ ದಿನ ಜೋಡಿ ಬಸವಣ್ಣಗಳೇ ಬಂದು ಎಳ್ಕಂಡು ಹೋಯ್ತವೆ ಅಂದ್ರೆ, ಬ್ಯಾಡ ಅನ್ನಾಕೆ ನಾನ್ಯಾರ್ಲಾ? ಇದ್ಕಿಂತ ಶುಭ ಉಂಟಾ?” ಎಂದು ನನ್ನ ಕಡೆ ತಿರುಗಿದರು. “ಗೆಜ್ಜೆ ಬಿಚ್ಚಬಾರ್ದಾಗಿತ್ತು. ಗೆಜ್ಜೆ ಸದ್ದು ಕೇಳ್ಕಂಡು ಹೋಗ್ಬೋದಾಗಿತ್ತು. ಅದ್ರ ಬದ್ಲು ಇವ್ಳ ಮಗ್ಗಿ ಕೇಳ್ದೆ. ಅಲ್ಲ ಕಣವ್ವ, ಏಳರ ಮಗ್ಗಿ ಎಲ್ಡು ಸತಿ ಯಾಕ್ ಹೇಳ್ದೆ?”

ನಾವು ಕದ್ದುಮುಚ್ಚಿ ಮಾಡಿದ ಕೆಲಸವನ್ನು ಬೀದಿಯಲ್ಲಿ ಗೆಜ್ಜೆ ಕಟ್ಟಿಯೇ ಮಾಡಬಹುದಾಗಿತ್ತು. ಅವರಿಗೆ ಯಾವುದು ಅಪಶಕುನವೆಂದು ನಾವೇ ತೀರ್ಮಾನಿಸಿ, ನಾವೇ ಹೆದರಿದ್ದೆವು. ಅವರನ್ನು ಒಂದು ಮಾತು ಕೇಳಲಿಲ್ಲ. ಕಣ್ಣು ಕಾಣದವರಿಗೆ ಏನೂ ತಿಳಿಯುವುದಿಲ್ಲ ಎಂದುಕೊಳ್ಳುವುದು ಕಣ್ಣಿದ್ದವರ ಚಾಳಿ.

ಆಸ್ಪತ್ರೆಯಲ್ಲಿ ಪೊರೆ ತೆಗೆದು, ಕಣ್ಣಿಗೆ ಪಟ್ಟಿ ಕಟ್ಟಿ, ಅಲುಗಾಡದಂತೆ ಮಲಗಿಸಿದ್ದರು. ಕೆಲವು ಕಾಲದ ಮೇಲೆ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಅತ್ತೆ ಊರಿಗೆ ಬಂದರು. ನೋಡಲು ಬೀದಿಯ ಹೆಂಗಸರೆಲ್ಲ ಸೇರಿದ್ದರು. ಅತ್ತೆ ಹಜಾರದ ನಡುವೆ ನಿಂತು, ನಿಧಾನವಾಗಿ ತಲೆಯೆತ್ತಿ ತೊಲೆಗಳನ್ನು ನೋಡಿದರು.

“ಏನಮ್ಮಿ, ಇಷ್ಟು ದಿವ್ಸ ನಾನು ಜೇಡಗಳ ಜೊತೆ ಸಂಸಾರ ಮಾಡ್ತಿದ್ನಾ?”

ನಾನು ಅಚ್ಚುಕಟ್ಟಿನ ಸೊಸೆ ಎಂದೇ ತಿಳಿದಿದ್ದೆ. ಅದುವರೆಗೆ ಯಾರೂ ದೂರು ಹೇಳಿರಲಿಲ್ಲವಲ್ಲ. ಹೆಂಗಸರು ಕಿಸಕ್ಕನೆ ನಕ್ಕರು. ನಾಚಿಕೆಯಿಂದ ನೆಲಕ್ಕಿಳಿದುಹೋಗಿ, ಸೆರಗು ಸಿಕ್ಕಿಸಿ, ಉದ್ದ ಕೋಲಿಗೆ ಪೊರಕೆ ಕಟ್ಟಿಕೊಂಡು ಬಂದೆ. “ಅಗೋ ಅಲ್ಲಿ. ಆ ಮೂಲೆ. ಇನ್ನೂ ಮೇಲೆ. ಕಾಣಾಕಿಲ್ವಾ ನಿಂಗೆ?” ಎಂದು ಅತ್ತೆ ಬೆರಳು ತೋರಿಸುತ್ತ ಹಿಂದೆ ಹಿಂದೆಯೇ ಬಂದರು. ಸಂಜೆಯವರೆಗೆ ಬೈಸಿಕೊಂಡು ಗುಡಿಸಿದೆ. ಅಷ್ಟು ಸಂತೋಷದಿಂದ ನಾನು ಯಾವತ್ತೂ ಮನೆ ಗುಡಿಸಿಲ್ಲ. ಜಂತಿಯ ಸಂದಿಯಲ್ಲಿದ್ದ ಒಂದು ಸಣ್ಣ ಬಲೆಯನ್ನು ಮಾತ್ರ ಬೇಕೆಂದೇ ಬಿಟ್ಟೆ, ನಾಳೆ ಅವರ ಕಣ್ಣಿಗೆ ಬೀಳಲಿ ಎಂದು.

ಮಾರನೆಯ ಬೆಳಿಗ್ಗೆ, ನಾನು ಎದ್ದು ಮುಖ ತೊಳೆಯುವುದರೊಳಗೆ, ಅದು ಅವರ ಕಣ್ಣಿಗೆ ಬಿದ್ದಿತ್ತು.