ಅತ್ತೆ ಬ್ರೇಕ್ ಹಾಕೆಂದಾಗ

ಅರುಂಧತಿಗೆ ಬೈಕು ಓಡಿಸಲು ಅಪ್ಪಣೆ ಸಿಕ್ಕಿದ್ದು ಒಂದೇ ಷರತ್ತಿನ ಮೇಲೆ. ಒಂದು ಸಲ ಬಿದ್ದಳೋ, ಗಾಡಿ ಮಾರಾಟ. ಷರತ್ತು ಹಾಕಿದ್ದು ಅತ್ತೆ ಚಿಕ್ಕಬೋರಮ್ಮ. ಗಂಡ ಶಿವರಾಜು ತಲೆಯಾಡಿಸಿದ, ಮನೆಯಲ್ಲಿ ಅವನ ಕೆಲಸವೇ ಅದು. ಅವನು ಸೋಮನಹಳ್ಳಿಯ ಫ್ಯಾಕ್ಟರಿಗೆ ಕಂಪನಿ ಬಸ್ಸಿನಲ್ಲಿ ಹೋಗುತ್ತಿದ್ದರಿಂದ ಬೈಕು ಹಿತ್ತಲಲ್ಲಿ ಕೋಳಿಗಳ ಮಂಚವಾಗಿತ್ತು. ಅರುಂಧತಿಯೋ ಆಶಾ ಕಾರ್ಯಕರ್ತೆ. ಊರೂರು ಸುತ್ತಿ ಬಸುರಿ ಬಾಣಂತಿಯರನ್ನು ನೋಡಬೇಕು, ಬಸ್ಸು ಕಾದು ಕಾದು ಸೋತುಹೋಗಿದ್ದಳು. ಗಾಡಿ ಕಲಿತ ಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಅದು ಕೈತಪ್ಪೀತೆಂದು ಗುಂಡಿ ಕಂಡಲ್ಲೆಲ್ಲ ಇಳಿದು ತಳ್ಳಿಕೊಂಡೇ ದಾಟುತ್ತಿದ್ದಳು.

ಒಂದು ಸೋಮವಾರ ವೈದ್ಯನಾಥಪುರದ ದೇವಸ್ಥಾನಕ್ಕೆ ಹೊರಟ ಚಿಕ್ಕಬೋರಮ್ಮನಿಗೆ ಬಸ್ಸು ಕೈಕೊಟ್ಟಿತು. ಬೇರೆ ದಾರಿ ಕಾಣದೆ, ಶಿವನ ಮೇಲೆ ಭಾರ ಹಾಕಿ ಸೊಸೆಯ ಹಿಂದೆ ಕೂತಳು. ಹೋಗುವಾಗ ಎಲ್ಲ ಸುಸೂತ್ರ.

ನಮ್ಮ ಕಡೆ ಸುಗ್ಗಿ ಬಂತೆಂದರೆ ಟಾರು ರಸ್ತೆಯೇ ಕಣ. ಹುರುಳಿ ಗಿಡ ಹರಡಿಬಿಟ್ಟರೆ ಓಡಾಡುವ ಗಾಡಿಗಳೇ ಪುಕ್ಕಟೆ ಒಕ್ಕಣೆ ಮಾಡಿಕೊಡುತ್ತವೆ. ವಾಪಸು ಬರುವಾಗ ನಾಲೆ ಪಕ್ಕದ ರಸ್ತೆಯ ತಿರುವಿನಲ್ಲಿ ನಿಂಗಯ್ಯನೆಂಬ ಪುಣ್ಯಾತ್ಮ ಹಾಗೆಯೇ ಹಾಸಿಟ್ಟಿದ್ದ. ಉದುರಿದ ಕಾಳಿನ ಮೇಲೆ ಚಕ್ರ ಏರಿದ್ದೇ ತಡ, ಗಾಡಿ ಅತ್ತಿತ್ತ ಓಲಾಡತೊಡಗಿತು.

"ಬ್ರೇಕಾಕೇ! ಬ್ರೇಕಾಕೇ!" ಅತ್ತೆ ಬೆನ್ನಿಗೆ ಗುದ್ದಿದಳು.

ಮದುವೆಯಾಗಿ ಬಂದಂದಿನಿಂದ ಅರುಂಧತಿ ಅತ್ತೆ ಹಾಕಿದ ಗೆರೆ ದಾಟಿದವಳಲ್ಲ. ಬೆರಳು ತಾನಾಗಿ ಬ್ರೇಕಿನ ಕಡೆ ಹೋಯಿತು, ಅರ್ಧಕ್ಕೆ ನಿಂತಿತು. ಬ್ರೇಕು ಹಿಡಿದರೆ ಗಾಡಿ ಅಡ್ಡ ಜಾರಿ ಇಬ್ಬರೂ ನಾಲೆಗೆ. ರಸ್ತೆ ಹೊರಳಿದತ್ತ ಹ್ಯಾಂಡಲ್ ತಿರುಗಿಸಿದರೂ ಅದೇ ಗತಿ. ನೇರಕ್ಕೆ, ರಸ್ತೆಯಂಚಿನಲ್ಲಿ, ಹೊಟ್ಟಿನ ದೊಡ್ಡ ಗುಡ್ಡೆ ಇತ್ತು. ಅದಕ್ಕೆ ಹೋದರೆ ಬೀಳುವುದಂತೂ ಖಂಡಿತ. ಗಾಡಿ ಹೋದರೆ ಹೋಗಲಿ, ಅತ್ತೆ ಉಳಿಯಲಿ ಎಂದುಕೊಂಡಳು. ಆಕ್ಸಿಲರೇಟರ್ ಬಿಟ್ಟು, ಹ್ಯಾಂಡಲ್ ನೆಟ್ಟಗೆ ಹಿಡಿದು, ಗಾಡಿಯನ್ನು ಗುಡ್ಡೆಗೇ ನುಗ್ಗಿಸಿದಳು.

ಹೊಟ್ಟು ಮುಗಿಲಿಗೆ ಹಾರಿತು. ಇಬ್ಬರಿಗೂ ತರಚು ಗಾಯವೂ ಇಲ್ಲ.

"ಕಣ್ ಕಾಣಕಿಲ್ವಾ? ನನ್ ಒಟ್ಟೆಲ್ಲಾ ಚೆಲ್ಬುಟ್ರಲ್ಲಾ!" ಎಂದು ನಿಂಗಯ್ಯ ಓಡಿಬಂದ.

ಚಿಕ್ಕಬೋರಮ್ಮ ಸೆರಗು ಕೊಡವಿಕೊಂಡು ಎದ್ದಳು. ಪಕ್ಕದ ನಾಲೆಯನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದಳು. ಆಮೇಲೆ ನಿಂಗಯ್ಯನ ಮೇಲೆ ಎರಗಿದಳು. "ರಸ್ತೆ ಏನ್ ನಿಮ್ಮಪ್ಪಂದೇನಯ್ಯಾ? ನನ್ ಸೊಸೆ ನನ್ ಮಾತ್ ಕೇಳಿದ್ರೆ ಇಸ್ಟೊತ್ಗೆ ನಾಲೇಲಿ ತೇಲ್ತಿದ್ದೆ!"

ಮನೆ ತಲುಪಿದಾಗ ಇಬ್ಬರ ತಲೆಯಲ್ಲೂ ಹೊಟ್ಟು. ಕೆಲಸ ಮುಗಿಸಿ ಬಂದಿದ್ದ ಶಿವರಾಜು ಬಾಗಿಲಲ್ಲೇ ಕೇಳಿದ, "ಬಿದ್ರಾ?"

ಅರುಂಧತಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಬೈಕಿನ ಕೀಯನ್ನು ಗಂಡನ ಮುಂದೆ ಹಿಡಿದಳು. ಚಿಕ್ಕಬೋರಮ್ಮ ಅದನ್ನು ನಡುವೆಯೇ ಕಿತ್ತುಕೊಂಡಳು.

"ಯಾರ್ಲಾ ಬಿದ್ದೋರು? ದಣಿವಾಗಿತ್ತು, ಒಟ್ಟಿನ ಮ್ಯಾಲೆ ವಸಿ ಕುಂತ್ಕಂಡೋ," ಎಂದು ಕೀಯನ್ನು ಸೊಸೆಯ ಕೈಗೇ ಇಟ್ಟಳು. "ಬರೋ ಸ್ವಾಮಾರನೂ ಗುಡಿಗೆ ಓಗ್ಬೇಕು ಕಣವ್ವ."