ಸೀಗಡಿಗೆಂದು ಅಮ್ಮ ಕಟ್ಟಿಟ್ಟ ಎಲೆ

ಹೊಸೂರಿನ ನಮ್ಮ ಬಾಡಿಗೆ ಮನೆಯಲ್ಲಿ ಟಿವಿ ಇಡಬೇಕಾದ ಜಾಗದಲ್ಲಿ ಒಂದು ಗಾಜಿನ ತೊಟ್ಟಿ ಇದೆ. ಅದರಲ್ಲಿ ಮೀನಿಲ್ಲ. ಸಿಹಿನೀರಿನ ಕೆಂಪು ಸೀಗಡಿಗಳಿವೆ. ದೊಡ್ಡದೆಂದರೂ ಕಿರುಬೆರಳಿನ ಅರ್ಧದಷ್ಟು ಉದ್ದ. ಮೊದಲ ಸಲ ನೋಡಲು ಬಂದ ನಮ್ಮ ಚಿಕ್ಕಪ್ಪ ಗಾಜಿಗೆ ಮೂಗು ಒತ್ತಿ, "ಬಿಎಸ್ಸಿ ಓದ್ಬುಟ್ಟು ಇದ್ನೇನ್ಲಾ ನೀನು ಸಾಕ್ತಿರಾದು? ಎಲ್ಲಾ ಸೇರ್ಸಿ ಸಾರ್ಗಾಕಿದ್ರೂ ಒಂದ್ ಮುದ್ದೆಗೆ ಸಾಲಕಿಲ್ವಲ್ಲಾ!" ಎಂದು ನಕ್ಕರು.

ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ. ಗಡಿ ಭಾಗದ ತಳಿ ಎಂಬ ಊರಿನ ಕಡೆಯ ನಮ್ಮ ಹಳ್ಳಿಯಿಂದ ಬೆಳಗಿನ ಬಸ್ಸಿನಲ್ಲಿ ಕೋಸಿನ ಮೂಟೆಗಳ ನಡುವೆ ನಿಂತು ಕಾಲೇಜಿಗೆ ಹೋದವನು ನಾನು. ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷು, ಬಸ್ಸಿನಲ್ಲಿ ತಮಿಳು, ಸಂತೆಯಲ್ಲಿ ತೆಲುಗು. ಇಷ್ಟರ ನಡುವೆ ಕೆಮಿಸ್ಟ್ರಿ ಕಲಿತೆ. ಈಗ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡುವುದು ನನ್ನ ಕೆಲಸ. ಓದಿದ್ದು, ಕೆಲಸಕ್ಕೆ ಸೇರಿದ್ದು, ಎಲ್ಲವೂ ಮನೆಗೆ ಬೇಕಿತ್ತು, ಮಾಡಿದೆ. ಯಾರಿಗೂ ಬೇಕಿಲ್ಲದಿದ್ದರೂ ನನಗೆ ಬೇಕು ಅಂತ ಮಾಡಿದ್ದು ಈ ತೊಟ್ಟಿ ಒಂದನ್ನೇ. ಕೈಬೆರಳಿನಲ್ಲಿ ಎಣಿಸುವಷ್ಟು ಸೀಗಡಿ ತಂದು ಬಿಟ್ಟಿದ್ದೆ. ಅವು ಮರಿ ಹಾಕಿ, ಆ ಮರಿಗಳೂ ಮರಿ ಹಾಕಿ, ತೊಟ್ಟಿ ತುಂಬಿತ್ತು.

ಸೀಗಡಿಗೆ ಒಣಗಿದ ಎಲೆ ಬೇಕು. ಅಂಗಡಿಯ ತಿಂಡಿಗಿಂತ ಅದೇ ಮೇಲು. ನಾಲ್ಕಾರು ದಿನದಲ್ಲಿ ಎಲೆ ನೆನೆದು ಮೆತ್ತಗಾಗುತ್ತದೆ, ಮೇಲೆ ಕಣ್ಣಿಗೆ ಕಂಡೂ ಕಾಣದ ಲೋಳೆ ಕಟ್ಟುತ್ತದೆ. ಸೀಗಡಿಗಳು ಹಗಲೆಲ್ಲ ಆ ಲೋಳೆಯನ್ನು ಹೆಕ್ಕಿ ತಿನ್ನುತ್ತವೆ. ಕೊನೆಗೆ ಉಳಿಯುವುದು ಎಲೆಯ ನರಗಳ ಬಲೆ ಮಾತ್ರ. ಎಲ್ಲಕ್ಕಿಂತ ಒಳ್ಳೆಯದು ಬಾದಾಮಿ ಮರದ ಎಲೆ, ಶಾಲೆಗಳ ಮುಂದೆ ನೆರಳಿಗೆ ನೆಟ್ಟಿರುತ್ತಾರಲ್ಲ, ಅದು. ಚಳಿ ಮುಗಿಯುವಾಗ ಕೆಂಪಾಗಿ ಉದುರುವ ಆ ಅಗಲ ಎಲೆ ನೀರನ್ನು ತಿಳಿ ಟೀ ಬಣ್ಣಕ್ಕೆ ತಿರುಗಿಸುತ್ತದೆ. ಜೊತೆಗೆ ಹೊಳೆಮತ್ತಿ ಮರದ ತೊಗಟೆ. ಜವಳಗಿರಿ ಕಡೆ ಹಳ್ಳದ ದಡದಲ್ಲಿ ತಾನಾಗಿ ಕಳಚಿ ಬಿದ್ದದ್ದನ್ನು ನಾನೇ ಹೋಗಿ ಆರಿಸಿ, ಕುದಿಸಿ ಹಾಕಿದ್ದೆ. ಮರಿಗಳು ಅದರ ಅಡಿಯಲ್ಲಿ ಅವಿತುಕೊಳ್ಳುತ್ತಿದ್ದವು.

ಊರಿನಿಂದ ಆಗಾಗ ಬಂದು ಹೋಗುವ ಅಮ್ಮನಿಗೆ ಇದೆಲ್ಲ ಮೊದಲು ತಮಾಷೆಯಾಗಿತ್ತು. "ನಾವು ಬೆಳಗಾದ್ರೆ ಎಲೆ ಗುಡ್ಸಿ ತಿಪ್ಪೆಗಾಕ್ತೀವಿ, ನೀನು ಅದ್ನೇ ತಂದು ಮನೆ ಒಳಕ್ಕೆ ಹಾಕ್ಕಂತೀಯಲ್ಲಾ!" ಎನ್ನುತ್ತಿದ್ದಳು. ಆಮೇಲೆ ಒಂದು ದಿನ ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂತವಳು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಹೊಟ್ಟೆಯ ಕೆಳಗೆ ಹಳದಿ ಮೊಟ್ಟೆಗಳನ್ನು ಹೊತ್ತುಕೊಂಡು, ಅವಕ್ಕೆ ಸಣ್ಣ ಕಾಲುಗಳಿಂದ ಗಾಳಿ ಬೀಸುತ್ತಿದ್ದ ಒಂದು ಸೀಗಡಿ ಅವಳ ಕಣ್ಣಿಗೆ ಬಿದ್ದಿತ್ತು. ಅಂದಿನಿಂದ ಫೋನು ಮಾಡಿದರೆ ಮೊದಲ ಮಾತು, "ಬಸ್ರಿ ಹೆಂಗವ್ಳ್ಲಾ?"

ಎಲೆ ತರುವ ಕೆಲಸ ಅವಳೇ ವಹಿಸಿಕೊಂಡಳು. ನಮ್ಮೂರ ಶಾಲೆಯ ಬಾದಾಮಿ ಮರದಡಿಗೆ ಬೆಳಗ್ಗೆಯೇ ಹೋಗಿ ಕೆಂಪು ಎಲೆಗಳನ್ನು ಮಾತ್ರ ಆರಿಸಿ, ಜಗಲಿಯ ಮೇಲೆ ಒಣಗಿಸಿ, ಅಟ್ಟದಲ್ಲಿ ಕಾಪಿಟ್ಟು, ಗೋಣಿಚೀಲದಲ್ಲಿ ತುಂಬಿ ಬಸ್ಸು ಹತ್ತಿದ್ದಳು. ಕಂಡಕ್ಟರು ಚೀಲ ಇಣುಕಿ ನೋಡಿ, "ಎನ್ನಮ್ಮಾ, ಕುಪ್ಪೆಯಾ?" ಎಂದು ತಮಿಳಿನಲ್ಲಿ ಕೇಳಿದನಂತೆ. "ಕಸ ಅಲ್ಲ ಕಣಪ್ಪಾ, ನನ್ ಮಗನ ಸೀಗಡಿಗೆ ಸೊಪ್ಪು. ನಿನ್ ಲಗೇಜು ಟಿಕೀಟು ಬ್ಯಾರೆ ಕೇಳ್ಬ್ಯಾಡ, ತೂಕಾನೇ ಇಲ್ಲ" ಎಂದಳಂತೆ. ನನ್ನ ಮುಂದೆ ಅದನ್ನು ಆಡಿ ತೋರಿಸಿ ನಕ್ಕಳು. ಚೀಲ ಬಿಚ್ಚಿದೆ. ನಮ್ಮ ಮನೆಯ ಅಟ್ಟದ ವಾಸನೆ ಬಂತು. ಹುಟ್ಟಿದಾಗಿನಿಂದ ಉಸಿರಾಡಿದ ವಾಸನೆ. ಎಲೆಗಳನ್ನು ನೀರಿನಲ್ಲಿ ಒಮ್ಮೆ ಜಾಲಾಡಿ ತೊಟ್ಟಿಗೆ ಬಿಟ್ಟೆ.

ಒಂದೆರಡು ವಾರ ಕಳೆದ ಮೇಲೆ ಸೀಗಡಿಗಳು ಸಾಯತೊಡಗಿದವು.

ಸೀಗಡಿ ಬೆಳೆಯಬೇಕಾದರೆ ಹಾವಿನಂತೆ ಪೊರೆ ಬಿಡಬೇಕು. ಕತ್ತಿನ ಹತ್ತಿರ ಚಿಪ್ಪು ಬಿರಿಯುತ್ತದೆ, ಸೀಗಡಿ ಒಮ್ಮೆ ಮೈ ಕೊಡವಿ ಹೊರಗೆ ಜಿಗಿಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. ಆದರೆ ನನ್ನ ಸೀಗಡಿಗಳ ಕತ್ತಿನ ಸುತ್ತ ಬಿಳಿ ಉಂಗುರ ಮೂಡುತ್ತಿತ್ತು, ಚಿಪ್ಪು ಅರ್ಧ ಬಿರಿದು ನಿಲ್ಲುತ್ತಿತ್ತು. ಅವು ಹೊರಬರಲಾಗದೆ ಒದ್ದಾಡಿ ಮಗುಚಿಕೊಳ್ಳುತ್ತಿದ್ದವು. ಬೆಳಗ್ಗೆ ಎದ್ದರೆ ಒಂದು, ಕೆಲಸದಿಂದ ಬಂದರೆ ಇನ್ನೊಂದು.

ನೀರು ನನ್ನ ವಿದ್ಯೆ. ಲ್ಯಾಬಿಗೆ ಬಾಟಲಿಯಲ್ಲಿ ಒಯ್ದು ಗಡಸುತನ ನೋಡಿದೆ, ಅಮೋನಿಯ ನೋಡಿದೆ, ತಾಮ್ರ ನೋಡಿದೆ. ಎಲ್ಲ ಸರಿಯಾಗಿತ್ತು. ಸೀಗಡಿ ಮಾರಿದ ಅಂಗಡಿಯವನಿಗೆ ಫೋನು ಮಾಡಿದರೆ, "ಸುಣ್ಣದಂಶ ಕಮ್ಮಿ ಸಾರ್, ಮೊಟ್ಟೆಚಿಪ್ಪು ಹಾಕಿ. ಬಾದಾಮಿ ಎಲೆ ಇನ್ನೂ ನಾಕು ಬಿಡಿ, ಅದು ಔಷಧಿ ಇದ್ದಂಗೆ" ಎಂದ. ಮೊಟ್ಟೆಚಿಪ್ಪು ಹಾಕಿದೆ. ಎಲೆಯನ್ನೂ ಹಾಕಿದೆ, ಅಮ್ಮ ತಂದ ಅದೇ ಚೀಲದಿಂದ. ಸಾವು ಹೆಚ್ಚಾಯಿತು.

ಫೋನಿನಲ್ಲಿ ಸುದ್ದಿ ಕೇಳಿದ ಅಮ್ಮ ಮರುದಿನವೇ ಬಂದಳು. ಕಂಕುಳಲ್ಲಿ ಇನ್ನೊಂದು ಚೀಲ. ಚಪ್ಪಲಿ ಬಿಡುತ್ತಲೇ, "ಒಳ್ಳೆ ಸೊಪ್ಪು ತಂದಿವ್ನಿ, ತಕ್ಕೊ. ಒಂದ್ ಹುಳ ಬಿದ್ದಿಲ್ಲ ನೋಡು" ಎಂದಳು.

"ಇಷ್ಟ್ ದಿನ ಇಟ್ರೂ ಹೆಂಗಮ್ಮಾ ಹುಳ ಬೀಳ್ದೆ ಇರ್ತದೆ?" ಎಂದು ಸುಮ್ಮನೆ ಕೇಳಿದೆ.

"ಬಿತ್ನೆ ಅವರೆಗೆ ಹಾಕ್ದಂಗೆ ಹಾಕಿವ್ನಿ ಕಣ್ಲಾ. ಒಂದ್ ಸುತ್ತು ಎಲೆ, ಅದ್ರ ಮ್ಯಾಲೆ ಬೇವಿನ ಬೀಜ ಕುಟ್ಟಿ ಉದುರ್ಸಾದು, ಮತ್ತೆ ಎಲೆ. ನಿನ್ ಸೀಗಡಿ ಹುಳ ಬಿದ್ ಸೊಪ್ಪು ತಿನ್ಬೇಕಾ?"

ನಾನು ಅಲ್ಲೇ ನೆಲದ ಮೇಲೆ ಕೂತೆ. ನಮ್ಮ ಕಡೆ ಬಿತ್ತನೆ ಕಾಳನ್ನು ಅಟ್ಟದಲ್ಲಿಟ್ಟು ಕಾಯುವುದೇ ಹಾಗೆ. ಬೇವು ಹುಳವನ್ನು ಒಂದೇ ಏಟಿಗೆ ಕೊಲ್ಲುವುದಿಲ್ಲ, ಪೊರೆ ಬಿಡದಂತೆ ಮಾಡುತ್ತದೆ. ಇದು ನನಗೆ ಗೊತ್ತಿತ್ತು. ಸೀಗಡಿಯೂ ಪೊರೆ ಬಿಡುವ ಜೀವ ಎಂಬುದೂ ಗೊತ್ತಿತ್ತು. ಅಟ್ಟದ ವಾಸನೆ ಬೇವಿನ ವಾಸನೆ ಎಂಬುದೊಂದು ಮಾತ್ರ ನನಗೆ ಹೊಳೆದಿರಲಿಲ್ಲ. ನಮ್ಮ ಹಾಸಿಗೆ, ಪುಸ್ತಕ, ಅನ್ನ, ಎಲ್ಲದಕ್ಕೂ ಅದೇ ವಾಸನೆ ಇರುತ್ತಿತ್ತು. ಅದನ್ನು ಬೇರೆ ಮಾಡಿ ನೋಡುವ ಮೂಗು ನನಗಿಲ್ಲ.

ಎದ್ದು ತೊಟ್ಟಿಗೆ ಕೈ ಹಾಕಿ ಒಂದೊಂದೇ ಎಲೆ ಹೊರತೆಗೆಯತೊಡಗಿದೆ. ಅಮ್ಮ ಪಕ್ಕಕ್ಕೆ ಬಂದು ನಿಂತಳು.

"ಬೇವು ಆಗ್ಬರಕಿಲ್ವಾ ಇವುಕ್ಕೆ?"

"ಇಲ್ಲ ಕಣಮ್ಮಾ."

"ಮೊದ್ಲೇ ಹೇಳಾಕೇನಾಗಿತ್ಲಾ?"

"ನೀನು ಹಾಕಿರ್ತೀಯ ಅಂತ ನಂಗೇನ್ ಗೊತ್ತು?"

"ಅಷ್ಟೊಂದು ಓದಿದ್ದೀಯ."

"ಇದ್ನ ಯಾರೂ ಓದುಸ್ನಿಲ್ಲಮ್ಮಾ."

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. ಬಚ್ಚಲಿಗೆ ಹೋಗಿ ಸೋಪು ಹಚ್ಚಿ ತೊಳೆದು ಬಂದು, ಮತ್ತೆ ಒರೆಸಿಕೊಂಡಳು.

ಎಲೆ ತೆಗೆದರೂ ನೀರಿನಲ್ಲಿ ಬೇವು ಉಳಿದಿತ್ತು. ನೀರು ಬದಲಾಯಿಸಬೇಕು. ಆದರೆ ಹೊಸ ನೀರು ಬಿದ್ದರೆ ಸೀಗಡಿಗಳು ಆಗಲೇ ಪೊರೆ ಬಿಡಲು ಹೊರಡುತ್ತವೆ, ಮೈಯಲ್ಲಿ ಬೇವು ಇರುವಾಗಲೇ. ಬದಲಾಯಿಸಿದರೂ ಸಾವು, ಬಿಟ್ಟರೂ ಸಾವು. ಒಂದೊಂದೇ ಚೊಂಬು ತೆಗೆದು, ಒಂದೊಂದೇ ಚೊಂಬು ಹಾಕಿದೆ. ಅದರಿಂದ ಉಪಯೋಗವಾಯಿತು ಎಂದು ಹೇಳಲಾರೆ. ಕೈಗೆ ಕೆಲಸವಾಯಿತು.

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬೀಳುವ ಹೊತ್ತಿಗೆ ಅಮ್ಮ ನನ್ನ ತೋಳು ಹಿಡಿದಳು. ಮೊಟ್ಟೆ ಹೊತ್ತ ಸೀಗಡಿ ತೊಗಟೆಯ ಅಂಚಿಗೆ ಬಂದು ನಿಂತಿತ್ತು. ಕತ್ತಿನ ಸುತ್ತ ಬಿಳಿ ಉಂಗುರ. ಮೈ ಬಾಗಿಸಿತು, ಕೊಡವಿತು. ಚಿಪ್ಪು ಅರ್ಧ ಬಿರಿಯಿತು. ಅಲ್ಲಿಗೆ ನಿಂತಿತು.

"ಸಿಕ್ಕಾಕ್ಕಂಡ್ಳು ಕಣ್ಲಾ. ಬುಡ್ಸು."

"ಆಗಲ್ಲಮ್ಮಾ."

"ಕೈಯಾಗಾಗ್ದಿದ್ರೆ ಸೂಜೀಲಿ ಬುಡ್ಸು. ನಾನಾರಾ ಬುಡುಸ್ತೀನಿ, ತತ್ತಾ ಇಲ್ಲಿ."

ನಮ್ಮ ಕೊಟ್ಟಿಗೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡಾಗ ಮೊಣಕೈವರೆಗೆ ಎಣ್ಣೆ ಸವರಿಕೊಂಡು ಎಳೆದು ತೆಗೆದವಳು ಅವಳು. ಪೊರೆ ಬಿಡುವ ಸೀಗಡಿಯ ಮೈ ಗಂಜಿಯ ಕೆನೆಯಷ್ಟು ಮೆತ್ತಗಿರುತ್ತದೆ, ಮುಟ್ಟಿದರೆ ಹರಿಯುತ್ತದೆ ಎಂದು ಹೇಳಿದೆ. ಎತ್ತಿದ ಕೈಯನ್ನು ಅವಳು ತೊಡೆಯ ಮೇಲೆ ಇಟ್ಟುಕೊಂಡಳು. ಇಬ್ಬರೂ ನೋಡುತ್ತ ಕೂತೆವು. ತಳಿಗೆ ಹೋಗುವ ಅವಳ ಬಸ್ಸಿನ ಹೊತ್ತು ದಾಟಿತು. ಸೀಗಡಿ ಆಗಾಗ ಒದೆಯುತ್ತಿತ್ತು. ಒದ್ದಾಗಲೆಲ್ಲ ಅಮ್ಮ ಹಲ್ಲು ಕಚ್ಚಿ, ತಾನೇ ತಿಣುಕಿದಂತೆ ಉಸಿರು ಬಿಗಿ ಹಿಡಿಯುತ್ತಿದ್ದಳು. ಮೊಟ್ಟೆಗಳು ಒಂದೊಂದಾಗಿ ಕಳಚಿ ಮರಳಿನ ಮೇಲೆ ಉದುರಿದವು. ಆಮೇಲೆ ಅದು ಒದೆಯುವುದನ್ನು ನಿಲ್ಲಿಸಿತು.

"ತಗ್ದುಬುಡು. ಬ್ಯಾರೆವು ತಿಂದ್ರೆ ಅವುಕ್ಕೂ ಆದಾತು," ಎಂದಳು ಅಮ್ಮ.

ಸಣ್ಣ ಬಲೆಯಲ್ಲಿ ತೆಗೆದೆ. ತೊಗಟೆಯ ಅಡಿಯಿಂದ ಮರಿಗಳು ಹೊರಗೆ ಬಂದು, ಎಲೆಯಿದ್ದ ಖಾಲಿ ಜಾಗದಲ್ಲಿ ಹೆಕ್ಕುತ್ತ ಓಡಾಡಿದವು. ಅವು ಚಿಕ್ಕವು. ದೊಡ್ಡವಕ್ಕಿಂತ ಬೇಗ ಬೇಗ ಪೊರೆ ಬಿಡಬೇಕು.