ವೆಂಕೋಬರಾಯರ ಆರು ಕಾರ್ಡುಗಳು

ವೆಂಕೋಬರಾಯರ ಜೇಬಿನಲ್ಲಿ ಪೆನ್ಸಿಲಿಗಿಂತ ರಬ್ಬರು ದೊಡ್ಡದಾಗಿರುತ್ತಿತ್ತು. ಬರೆಯುವುದು ಯಾರಿಗಾದರೂ ಬರುತ್ತದೆ, ಅಳಿಸುವುದಕ್ಕೆ ಓದಿರಬೇಕು ಎನ್ನುತ್ತಿದ್ದರು. ನೆಂಟರಿಗೆ ಬರೆಯುವ ಕಾಗದದಲ್ಲೂ ಎರಡೇ ಸಾಲು.

“ಇವರ ಕಾಗದ ಓದಿ ನಮ್ಮಣ್ಣ ತಂತಿ ಬಂತು ಅಂತ ಗಾಬರಿಯಾಗಿ ರೈಲು ಹತ್ತಿಬಿಟ್ಟಿದ್ದ” ಎಂದು ಅವರ ಹೆಂಡತಿ ಪದ್ಮಾವತಮ್ಮ ನನ್ನೆದುರೇ ಛೇಡಿಸುತ್ತಿದ್ದರು.

“ಬಂದ್ನಲ್ಲ. ಇನ್ನೇನು ಬರೀಬೇಕಿತ್ತು?” ಎನ್ನುತ್ತಿದ್ದರು ರಾಯರು.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಬಿ.ಎಸ್ಸಿ. ಮುಗಿಸಿ, ಲೋಹಗಳನ್ನು ಪರೀಕ್ಷಿಸುವ ಒಂದು ಪ್ರಯೋಗಾಲಯಕ್ಕೆ ಸೇರಿದ್ದೆ. ರಾಯರು ಅಲ್ಲಿ ನನಗೆ ಮೇಲಿನವರು. ನಮ್ಮದೇ ಕಂಪ್ಯೂಟರ್ ಇರಲಿಲ್ಲ. ಊರಿನ ಇನ್ನೊಂದು ತುದಿಯ ಸಂಸ್ಥೆಯಲ್ಲಿ ಕೋಣೆ ತುಂಬುವಷ್ಟು ದೊಡ್ಡದೊಂದಿತ್ತು. ತೂತು ಕೊರೆದ ರಟ್ಟಿನ ಕಾರ್ಡುಗಳನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿ ಕೊಟ್ಟುಬಂದರೆ ಮಾರನೆಯ ದಿನ ಉತ್ತರ ಸಿಗುತ್ತಿತ್ತು. ಬೇರೆಯವರು ಕಾರ್ಡಿನ ಕಟ್ಟುಗಳನ್ನು ಹೊತ್ತು ತಂದರೆ ರಾಯರ ಪ್ರೋಗ್ರಾಮು ಅಂಗಿಯ ಜೇಬಿನಲ್ಲಿ ಬರುತ್ತಿತ್ತು.

ತಲಘಟ್ಟಪುರದ ದಾರಿಯಲ್ಲಿ ನಮ್ಮ ಶೆಡ್ಡು. ಅಲ್ಲೊಂದು ಕಬ್ಬಿಣದ ಕೋಣೆ. ಒಳಗೆ ಲೋಹದ ತುಂಡುಗಳನ್ನಿಟ್ಟು ಬಾಗಿಲು ಹಾಕಿ, ಹೊರಗಿನ ಸಿಲಿಂಡರಿನಿಂದ ನೈಟ್ರೋಜನ್ ಬಿಡುವುದು, ಮುಚ್ಚುವುದು, ಮತ್ತೆ ಬಿಡುವುದು. ಮುಚ್ಚಿದ ಕೂಡಲೇ ಫ್ಯಾನು ತಿರುಗಿ ಒಳಗೆ ಹೊಸ ಗಾಳಿ ತುಂಬುತ್ತಿತ್ತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರೊಳಗೆ ನಿಂತವನಿಗೆ ತಾನು ಸಾಯುತ್ತಿದ್ದೇನೆಂದೂ ತಿಳಿಯುವುದಿಲ್ಲ. ಯಾವಾಗ ಬಿಡಬೇಕು, ಯಾವಾಗ ಮುಚ್ಚಬೇಕು ಎಂಬ ಪಟ್ಟಿ ಉದ್ದವಾಗಿರುತ್ತಿತ್ತು. ಎರಡು ‘ಬಿಡು’ ಒಟ್ಟಿಗೆ ಬಂದಿದೆಯೇ, ಎರಡು ‘ಮುಚ್ಚು’ ಒಟ್ಟಿಗೆ ಬಂದಿದೆಯೇ ಎಂದು ಯಂತ್ರ ನೋಡಿ ‘ಸರಿ’ ಎಂದು ಅಚ್ಚು ಹಾಕಿದ ಮೇಲೆಯೇ ಅದು ಶೆಡ್ಡಿಗೆ ಹೋಗುತ್ತಿತ್ತು. ಹಾಗೆ ನೋಡುವ ಪ್ರೋಗ್ರಾಮು ರಾಯರದು.

ಅದನ್ನು ಅವರು ನನಗೆ ಕಲಿಸಿದ್ದು ಜಯನಗರದ ಅವರ ಮನೆಯ ಜಗಲಿಯಲ್ಲಿ, ಪದ್ಮಾವತಮ್ಮ ಕಟ್ಟುತ್ತಿದ್ದ ಹೂವಿನ ಮಾಲೆ ಹಿಡಿದುಕೊಂಡು. ಒಂದು ಮಲ್ಲಿಗೆ, ಒಂದು ಕನಕಾಂಬರ, ಮತ್ತೆ ಮಲ್ಲಿಗೆ.

“ಮೊದಲೆರಡು ಹೂವು ಮಾತ್ರ ನೋಡು. ಒಂದೇ ಥರ ಇದ್ದರೆ ತಪ್ಪು. ಬೇರೆ ಬೇರೆ ಇದ್ದರೆ ಮೊದಲನೇದನ್ನ ಮರೆತುಬಿಡು. ಮಿಕ್ಕ ಮಾಲೆಗೆ ಮತ್ತೆ ಇದೇ ಮಾತು ಹೇಳು.”

“ಮಾಲೆ ತುಂಬ ಉದ್ದ ಇದ್ದರೆ ಸಾರ್?”

“ಲಾಲ್‌ಬಾಗ್ ತನಕ ಇರಲಿ. ಮಾತು ಇಷ್ಟೇ.”

“ಕೊನೆಗೆ ಒಂದೇ ಹೂವು ಉಳಿದರೆ?”

“ಉಳಿದದ್ದು ‘ಮುಚ್ಚು’ ಆಗಿದ್ದರೆ ಸರಿ ಅನ್ನು. ‘ಬಿಡು’ ಆಗಿದ್ದರೆ ತಪ್ಪು ಅನ್ನು. ಅದಕ್ಕೊಂದು ಕಾರ್ಡು ದಂಡ.”

ನಿಯಮವೊಂದು ತನ್ನನ್ನು ತಾನೇ ಮತ್ತೆ ಮತ್ತೆ ಕರೆದುಕೊಳ್ಳುವುದನ್ನು ಆ ಯಂತ್ರಕ್ಕೆ ಒಪ್ಪಿಸಲು ಅವರು ತಿಂಗಳುಗಟ್ಟಲೆ ಒದ್ದಾಡಿದ್ದರು. ಮೂವತ್ತು ಕಾರ್ಡು ಹನ್ನೆರಡಾಗಿ, ಹನ್ನೆರಡು ಏಳಾಗಿತ್ತು. ಒಂದು ದಿನ ಆಫೀಸಿಗೆ ಬಂದವರೇ ನನ್ನ ಮುಂದೆ ಆರು ಕಾರ್ಡು ಹರಡಿದರು. ಕೊನೆಯದನ್ನು ನೋಡುವ ಕಾರ್ಡು ಕಿತ್ತುಹಾಕಿದ್ದರು. ಒಂದೇ ಉಳಿದರೆ ಯಂತ್ರ ಅದೇನೆಂದು ಕೇಳದೆ ‘ಸರಿ’ ಎನ್ನುತ್ತಿತ್ತು.

“ಎಲ್ಲಾ ಪಟ್ಟೀನೂ ‘ಮುಚ್ಚು’ ಅಂತಲೇ ಮುಗಿಯೋದು. ಮನೆ ಬಿಟ್ಟು ಹೊರಟವನು ಬಾಗಿಲು ಹಾಕದೆ ಹೋಗ್ತಾನೇನಯ್ಯ?” ಎಂದರು. ನನಗೂ ಅದು ಚೆಂದವೆನ್ನಿಸಿತು. ಆ ಚೆಂದಕ್ಕೆ ನಾನೂ ತಲೆದೂಗಿದ್ದೆ.

ಶೆಡ್ಡಿನಲ್ಲಿ ಸಿಲಿಂಡರಿನ ತಿರುಪು ತಿರುಗಿಸಿ ಅನಿಲ ಬಿಡುತ್ತ, ಮುಚ್ಚುತ್ತ ಇದ್ದವನು ಮುನಿಯಪ್ಪ, ಕತ್ರಿಗುಪ್ಪೆಯವನು. ಹೊಲ ಬಡಾವಣೆಗೆ ಹೋದಮೇಲೆ ಈ ಕೆಲಸಕ್ಕೆ ಸೇರಿದ್ದ. ಒಮ್ಮೆ ತನಗೆ ತೋಚಿದಂತೆ ಎರಡು ನಿಮಿಷ ಮೊದಲೇ ಅನಿಲ ಮುಚ್ಚಿ ಒಂದು ವಾರದ ಕೆಲಸ ಕೆಡಿಸಿದ್ದ. ರಾಯರು ಅವನನ್ನು ಎದುರಿಗೆ ನಿಲ್ಲಿಸಿಕೊಂಡು, “ಲಿಸ್ಟಲ್ಲಿ ಇದ್ದದ್ದು ಮಾಡು. ಇಲ್ಲದ್ದು ಮಾಡಬೇಡ. ನಿನ್ನ ಬುದ್ಧಿ ಮನೇಲಿಟ್ಟು ಬಾ” ಎಂದಿದ್ದರು. ಮುನಿಯಪ್ಪ ಹಾಗೆಯೇ ಮಾಡುತ್ತಿದ್ದ.

ಆ ದಿನ ಬೆಳಗ್ಗೆ ಒಂಬತ್ತೂವರೆಗೆ ರಾಯರ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ನನ್ನ ನೋಟ್‌ಬುಕ್ ತೆರೆದೆ. ಹಾಳೆಗಳ ನಡುವೆ ಒಂದು ಕಾರ್ಡು ಸಿಕ್ಕಿಕೊಂಡಿತ್ತು. ಎರಡು ದಿನ ಹಿಂದೆ ನಾನು ಕಂಪ್ಯೂಟರಿಗೆ ಕೊಟ್ಟುಬಂದಿದ್ದ ಪಟ್ಟಿಯ ಕೊನೆಯ ಕಾರ್ಡು. “ನೋಡಿ ಸಾರ್, ಇದು ಇಲ್ಲೇ ಉಳಿದಿದೆ. ಆದರೂ ಯಂತ್ರ ಸರಿ ಅಂದುಬಿಟ್ಟಿದೆ” ಎಂದು ನಕ್ಕೆ.

ರಾಯರು ಕಾರ್ಡನ್ನು ಬೆಳಕಿಗೆ ಹಿಡಿದು ತೂತುಗಳನ್ನು ಓದಿದರು. ‘ಮುಚ್ಚು.’ ಅವರ ಕೈಯ ಲೋಟ ಜಗಲಿಯ ಮೇಲೆ ಉರುಳಿತು.

ಪಟ್ಟಿ ಹಿಂದಿನ ಸಂಜೆಯೇ ಶೆಡ್ಡಿಗೆ ಹೋಗಿತ್ತು. ಹತ್ತು ಗಂಟೆಗೆ ಅದು ‘ಬಿಡು’ ಎಂಬಲ್ಲೇ ಮುಗಿಯುತ್ತದೆ. ಮುಗಿದ ಮೇಲೆ ತುಂಡುಗಳನ್ನು ತೆಗೆಯಲು ಮುನಿಯಪ್ಪ ಒಳಗೆ ಹೋಗುತ್ತಾನೆ. ಶೆಡ್ಡಿನಲ್ಲಿ ಫೋನಿರಲಿಲ್ಲ. ಇಬ್ಬರೂ ರಸ್ತೆಗೆ ಓಡಿದೆವು. ರಾಯರ ಕಾಲಿನಲ್ಲಿ ಚಪ್ಪಲಿಯಿರಲಿಲ್ಲ.

“ತಲಘಟ್ಟಪುರಾನಾ? ಅಷ್ಟು ದೂರ ಬರಲ್ಲ ಸಾಮಿ, ವಾಪಸ್ ಖಾಲಿ ಬರಬೇಕು” ಎಂದ ಆಟೋದವನು.

“ಅಲ್ಲಿ ಒಬ್ಬ ಸಾಯ್ತಾನಪ್ಪ” ಎಂದರು ರಾಯರು.

ಅವನು ಗಾಡಿ ಹೊರಡಿಸಿದ. ದಾರಿಯುದ್ದಕ್ಕೂ ರಾಯರು ನನ್ನ ಮಣಿಕಟ್ಟು ಬಿಡಲಿಲ್ಲ. ನನ್ನ ಗಡಿಯಾರ ಅಲ್ಲಿತ್ತು.

ನಾವು ಇಳಿದಾಗ ಹತ್ತು ದಾಟಿ ಒಂದೇ ನಿಮಿಷವಾಗಿತ್ತು. ಕಬ್ಬಿಣದ ಬಾಗಿಲು ತೆರೆದಿತ್ತು. ಹೊಸ್ತಿಲಿನಿಂದ ನಾಲ್ಕು ಹೆಜ್ಜೆ ಒಳಗೆ ಮುನಿಯಪ್ಪ ಬೋರಲು ಬಿದ್ದಿದ್ದ. ಕೈಯಲ್ಲಿನ್ನೂ ಇಕ್ಕಳವಿತ್ತು. “ನೀನು ಒಳಗೆ ಬರಬೇಡ. ಗ್ಯಾಸ್ ನಿಲ್ಲಿಸು” ಎಂದು ರಾಯರು ಉಸಿರು ಕಟ್ಟಿಕೊಂಡು ನುಗ್ಗಿದರು. ಐವತ್ತು ದಾಟಿದ, ಬಡಕಲು ಮನುಷ್ಯ. ಮುನಿಯಪ್ಪನನ್ನು ಮಗ್ಗುಲಿಗೆ ಉರುಳಿಸಿ, ಹೆಗಲು ಕೊಟ್ಟು ಹೊಸ್ತಿಲಿನತ್ತ ನೂಕಿದರು. ಆ ಭಾರಕ್ಕೆ ಅವರ ಬಾಯಿ ತೆರೆಯಿತು. ಒಮ್ಮೆ ಉಸಿರೆಳೆದುಕೊಂಡದ್ದನ್ನು ನಾನು ನೋಡಿದೆ. ಯಾರೋ ಕೂರಿಸಿದಂತೆ ಮೆಲ್ಲಗೆ ಕುಸಿದು ಕೂತರು.

ಮುನಿಯಪ್ಪನ ಕೈ ನನಗೆ ಎಟುಕಿತು, ಅವನನ್ನು ಎಳೆದುಹಾಕಿದೆ. ಆಮೇಲೆ ಸಿಲಿಂಡರಿನ ಕಡೆ ಓಡಿದೆ. ತಿರುಪು ಬಿಗಿಯಾಗಿತ್ತು, ಕೈ ಬೆವತು ಜಾರುತ್ತಿತ್ತು, ಸ್ಪ್ಯಾನರು ಹುಡುಕಿದೆ. ಫ್ಯಾನು ತಿರುಗಿ, ನಾನು ಒಳಗೆ ಹೋಗುವ ಹೊತ್ತಿಗೆ ಎಷ್ಟು ನಿಮಿಷವಾಗಿತ್ತೋ ಗೊತ್ತಿಲ್ಲ. ಮೊದಲು ರಾಯರನ್ನೇ ಎಳೆಯಬೇಕಿತ್ತೇ? ತಿರುಪಿನ ಗೊಡವೆ ಬಿಟ್ಟು ನಾನೂ ಉಸಿರು ಕಟ್ಟಿ ನುಗ್ಗಬೇಕಿತ್ತೇ? ಅವರು ಹೇಳಿದಷ್ಟನ್ನೇ ಮಾಡಿದೆ. ಇಷ್ಟು ವರ್ಷ ಆ ಕೆಲಸಗಳನ್ನು ಬೇರೆ ಬೇರೆ ಕ್ರಮದಲ್ಲಿ ಜೋಡಿಸಿ ನೋಡುತ್ತಲೇ ಇದ್ದೇನೆ. ಕೆಲವು ಕ್ರಮಗಳಲ್ಲಿ ಅವರು ಬದುಕುತ್ತಾರೆ.

ಆಸ್ಪತ್ರೆಯಲ್ಲಿ ಮಧ್ಯಾಹ್ನ ಡಾಕ್ಟರು ಹೊರಗೆ ಬಂದು, ರಾಯರು ಉಳಿಯಲಿಲ್ಲ ಎಂದರು. ಮುನಿಯಪ್ಪ ಎಚ್ಚರಗೊಂಡು, ಕಂಬಳಿ ಹೊದ್ದು, ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದ.

“ಆ ಲಿಸ್ಟು ಯಾರ್ ಮಾಡಿದ್ದು ಸಾರ್?”

“ಕೊನೇ ಕಾರ್ಡು ಬಿಟ್ಟಿದ್ದು ನಾನು” ಎಂದೆ. ರಾಯರು ಕಿತ್ತುಹಾಕಿದ ಕಾರ್ಡಿನ ಸುದ್ದಿ ಎತ್ತಲಿಲ್ಲ.

ಅವನು ಕಂಬಳಿ ಬಿಗಿಯಾಗಿ ಹೊದ್ದುಕೊಂಡ. “ಫ್ಯಾನು ತಿರುಗ್ಲಿಲ್ಲ. ನಂಗೂ ಕಾಣ್ತು. ಮುಚ್ಚಾನಾ ಅಂತ ಕೈ ಇಟ್ಟೆ. ಲಿಸ್ಟಲ್ಲಿ ಇರ್ಲಿಲ್ಲ, ಕೈ ತೆಗೆದ್ಬಿಟ್ಟೆ” ಎಂದ.

ಒಳಗಿನಿಂದ ರಾಯರ ಸ್ಟ್ರೆಚರ್ ಹಿಡಿಯಲು ಇಬ್ಬರು ಬೇಕೆಂದು ಕೂಗಿದರು. ಮುನಿಯಪ್ಪ ಕಂಬಳಿ ಬೆಂಚಿನ ಮೇಲೆ ಇಟ್ಟು ಎದ್ದ.

“ನೀವು ಕಾಲ್ ಕಡೆ ಹಿಡ್ಕಳಿ ಸಾರ್. ತಲೆ ಕಡೆ ನಾನ್ ಹಿಡ್ಕತೀನಿ.”

ಹೊರಗೆ ಗಾಡಿಯ ಪಕ್ಕ ಪದ್ಮಾವತಮ್ಮ ನಿಂತಿದ್ದರು. ನಾವಿಬ್ಬರೂ ತಲೆ ಎತ್ತಲಿಲ್ಲ.